ಚಿತ್ರಪುಸ್ತಕಗಳು: ಮಕ್ಕಳಲ್ಲಿ ಛಲ ಮತ್ತು ಭಾವನೆಗಳ ತಿಳಿವಳಿಕೆ

ಪುಣೆಯಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳ ಮಕ್ಕಳು ಪ್ರತಿದಿನ ಮೂರು ಭಾಷೆಗಳ ನಡುವೆ ಬೆಳೆಯುತ್ತಾರೆ. ಶಾಲೆಯಲ್ಲಿ ಇಂಗ್ಲಿಷ್, ಸೊಸೈಟಿಯ ಅಂಗಳದಲ್ಲಿ ಮರಾಠಿ, ಮನೆಯೊಳಗೆ ಕನ್ನಡ. ಇದು ಅವರ ಭಾಗ್ಯವೇ ಸರಿ. ಆದರೆ ಮನೆಯ ಕನ್ನಡವನ್ನು ಸ್ವಲ್ಪ ಕಿವಿಗೊಟ್ಟು ಕೇಳಿದರೆ, ಅದು ಬಹುಮಟ್ಟಿಗೆ "ಊಟಕ್ಕೆ ಬಾ", "ಬೂಟು ಬಿಚ್ಚು", "ಅಭ್ಯಾಸ ಮಾಡು" ಎಂಬ ಆಜ್ಞೆಗಳಿಗೆ ಸೀಮಿತವಾಗಿರುವುದು ತಿಳಿಯುತ್ತದೆ. ತನಗೆ ಆಗುತ್ತಿರುವುದು ಸಿಟ್ಟೋ, ಅಳುಕೋ, ನಾಚಿಕೆಯೋ ಎಂಬುದನ್ನು ಹೇಳಲು ಮಗುವಿನ ಬಳಿ ಕನ್ನಡದ ಮಾತುಗಳಿರುವುದಿಲ್ಲ. ಊರಿನ ಅಜ್ಜಿಯೊಡನೆ ಫೋನಿನಲ್ಲಿ ಮಾತು "ಚೆನ್ನಾಗಿದ್ದೇನೆ" ಎಂಬಲ್ಲಿಗೆ ಮುಗಿದುಹೋಗುತ್ತದೆ. ಈ ಕೊರತೆಯನ್ನು ತುಂಬಲು, ಜೊತೆಗೆ ಕೈಹಿಡಿದ ಕೆಲಸವನ್ನು ಅರ್ಧಕ್ಕೆ ಬಿಡದಿರುವ ಗುಣವನ್ನು ಬೆಳೆಸಲು, ಚಿತ್ರಪುಸ್ತಕಗಳು ಹೇಗೆ ನೆರವಾಗಬಲ್ಲವು ಎಂಬುದನ್ನು ಪಾಲಕರಿಗೆ ಉಪಯುಕ್ತವಾಗಲೆಂದು ಇಲ್ಲಿ ಸಂಗ್ರಹಿಸಿದ್ದೇವೆ.

ಚಿತ್ರಪುಸ್ತಕ ಎಂದರೇನು?

ಚಿತ್ರಗಳಿರುವ ಪುಸ್ತಕಗಳೆಲ್ಲ ಚಿತ್ರಪುಸ್ತಕಗಳಲ್ಲ. ಸಾಮಾನ್ಯ ಕಥೆಪುಸ್ತಕದಲ್ಲಿ ಚಿತ್ರವು ಕಥೆಗೆ ಅಲಂಕಾರ ಮಾತ್ರ. ಅದನ್ನು ತೆಗೆದುಹಾಕಿದರೂ ಕಥೆ ನಿಲ್ಲುತ್ತದೆ. ಚಿತ್ರಪುಸ್ತಕದಲ್ಲಿ ಕಥೆಯ ಅರ್ಧಭಾಗವನ್ನು ಚಿತ್ರವೇ ಹೇಳುತ್ತದೆ. ಬಾಲಕನು "ನನಗೇನೂ ಭಯವಿಲ್ಲ" ಎನ್ನುತ್ತಾನೆಂದು ಅಕ್ಷರ ಹೇಳಿದರೆ, ಅವನು ಅಮ್ಮನ ಸೆರಗನ್ನು ಬಿಗಿಯಾಗಿ ಹಿಡಿದಿರುವುದನ್ನು ಚಿತ್ರ ತೋರಿಸುತ್ತದೆ. ಓದಲು ಬಾರದ ಮಗುವೂ ಈ ಅಂತರವನ್ನು ಹಿಡಿಯಬಲ್ಲದು. ಮುಖವನ್ನು ನೋಡಿ ಮನಸ್ಸನ್ನು ತಿಳಿಯುವ ಅಭ್ಯಾಸ ಇಲ್ಲಿಂದಲೇ ಆರಂಭವಾಗುತ್ತದೆ.

ಮಕ್ಕಳಿಗಾಗಿ ಚಿತ್ರಸಹಿತ ಪುಸ್ತಕ ಮಾಡುವ ಪರಂಪರೆ ಹಳೆಯದು. ಯೂರೋಪಿನ ಶಿಕ್ಷಣತಜ್ಞ ಕಮೇನಿಯಸ್‌ನ 'ಆರ್ಬಿಸ್ ಪಿಕ್ಟಸ್' 1658ರಲ್ಲಿ ಹೊರಬಂದಿತು. ಕನ್ನಡದಲ್ಲಿ ಪಂಜೆ ಮಂಗೇಶರಾಯರು (1874–1937) ಮಕ್ಕಳ ಸಾಹಿತ್ಯಕ್ಕೆ ಭದ್ರ ಬುನಾದಿ ಹಾಕಿದರು. 1921ರಲ್ಲಿ ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲವನ್ನು ಆರಂಭಿಸಿದರು. ಶಿವರಾಮ ಕಾರಂತರು 'ಬಾಲ ಪ್ರಪಂಚ'ದ ಮೂಲಕ ಜಗತ್ತಿನ ವಿಷಯಗಳನ್ನು ಕನ್ನಡದ ಮಕ್ಕಳ ಮುಂದಿಟ್ಟರು. ಶಂಕರ್ ಪಿಳ್ಳೆಯವರು 1957ರಲ್ಲಿ ದೆಹಲಿಯಲ್ಲಿ ಚಿಲ್ಡ್ರನ್ಸ್ ಬುಕ್ ಟ್ರಸ್ಟ್ ಸ್ಥಾಪಿಸಿದರು. ನ್ಯಾಷನಲ್ ಬುಕ್ ಟ್ರಸ್ಟ್ ಆರಂಭವಾದದ್ದೂ ಅದೇ ವರ್ಷ. ಇವುಗಳಿಂದಾಗಿ ಕಡಿಮೆ ಬೆಲೆಯ ಬಣ್ಣದ ಪುಸ್ತಕಗಳು ಮಧ್ಯಮವರ್ಗದ ಮನೆಗಳಿಗೆ ಬಂದವು.

ಛಲ ಬಿಡದ ತ್ರಿವಿಕ್ರಮ

ನಮ್ಮ ತಲೆಮಾರಿನವರಿಗೆ ಛಲವೆಂದರೆ ಮೊದಲು ನೆನಪಾಗುವುದು 'ಚಂದಮಾಮ'ದ ಬೇತಾಳ ಕಥೆಗಳು. 1947ರಲ್ಲಿ ಆರಂಭವಾದ ಈ ಮಾಸಪತ್ರಿಕೆಯ ಕನ್ನಡ ಆವೃತ್ತಿ 1949ರಲ್ಲಿ ಬಂದಿತು. ಹೆಗಲ ಮೇಲೆ ಶವ, ಕೈಯಲ್ಲಿ ಖಡ್ಗ, ನಿರ್ಭಯವಾದ ನಡಿಗೆ: ರಾಜನ ಈ ಚಿತ್ರವನ್ನು ಬರೆದವರು ಕಲಾವಿದ ಶಂಕರ್ (ಕೆ.ಸಿ. ಶಿವಶಂಕರನ್). ಅವರು 2020ರಲ್ಲಿ ನಿಧನರಾದರು. ಪತ್ರಿಕೆಯೂ ಈಗ ನಿಂತುಹೋಗಿದೆ. ಆದರೆ 'ಛಲ ಬಿಡದ ತ್ರಿವಿಕ್ರಮ' ಎಂಬುದು ಕನ್ನಡದಲ್ಲಿ ನುಡಿಗಟ್ಟಾಗಿ ಉಳಿದಿದೆ.

ಆ ಕಥೆಗಳ ಒಂದು ವಿಶೇಷವನ್ನು ನಾವು ಗಮನಿಸಬೇಕು. ರಾಜನು ಪ್ರತಿ ಬಾರಿಯೂ ಸೋಲುತ್ತಾನೆ. ಸರಿಯಾದ ಉತ್ತರ ತಿಳಿದಿದ್ದರಿಂದಲೇ ಮೌನ ಮುರಿಯುತ್ತದೆ, ಬೇತಾಳ ಮರಕ್ಕೆ ಹಾರುತ್ತದೆ. ಅವನನ್ನು ಯಾರೂ ಹಳಿಯುವುದಿಲ್ಲ. ಅವನೂ ತನ್ನನ್ನು ಹಳಿದುಕೊಳ್ಳುವುದಿಲ್ಲ. ಮತ್ತೆ ಮರದ ಬಳಿಗೆ ನಡೆಯುತ್ತಾನೆ. ಸೋಲನ್ನು ಅವಮಾನವೆಂದು ತಿಳಿಯದೆ ಕೆಲಸದ ಒಂದು ಭಾಗವೆಂದು ತಿಳಿಯುವುದೇ ಛಲದ ತಿರುಳು. ತಿಂಗಳು ತಿಂಗಳೂ ಅದೇ ಚಿತ್ರವನ್ನು ನೋಡುತ್ತಾ ಬೆಳೆದ ನಾವು ಉಪದೇಶವಿಲ್ಲದೆಯೇ ಇದನ್ನು ಕಲಿತೆವು.

ಹಟ ಬೇರೆ, ಛಲ ಬೇರೆ

ಮಕ್ಕಳ ಹಟವನ್ನು ಕಂಡು ಬೇಸತ್ತ ಪಾಲಕರು ಛಲವನ್ನೂ ಹಟವೆಂದೇ ಬಗೆಯುವುದುಂಟು. ಬೇಕಾದ ವಸ್ತು ಸಿಗುವ ತನಕ ಅಳುವುದು ಹಟ; ಮಾಡುವ ಕೆಲಸ ಕೈಗೂಡುವ ತನಕ ಪ್ರಯತ್ನಿಸುವುದು ಛಲ. ಹಟವು ಎದುರಿನವರನ್ನು ಬಗ್ಗಿಸಲು ನೋಡುತ್ತದೆ, ಛಲವು ತನ್ನನ್ನೇ ತಿದ್ದಿಕೊಳ್ಳುತ್ತದೆ. ಮರಾಠಿಯಲ್ಲಿಯೂ 'ಹಟ್ಟ' ಮತ್ತು 'ಚಿಕಾಟಿ' ಎಂಬ ಬೇರೆ ಬೇರೆ ಪದಗಳಿವೆ.

ಕೆಲವೊಮ್ಮೆ ನಮಗೆ ಹಟವಾಗಿ ಕಾಣುವುದರ ಹಿಂದೆ ಬೇರೊಂದು ಭಾವನೆ ಇರುತ್ತದೆ. ಚಿಲ್ಡ್ರನ್ಸ್ ಬುಕ್ ಟ್ರಸ್ಟ್ ಪ್ರಕಟಿಸಿದ, ಹೇಮಲತಾ ಬರೆದು ಪುಲಕ್ ಬಿಸ್ವಾಸ್ ಚಿತ್ರ ರಚಿಸಿದ 'ಮಹಾಗಿರಿ' ಎಂಬ ಪುಸ್ತಕ ಇದಕ್ಕೆ ಒಳ್ಳೆಯ ಉದಾಹರಣೆ. ಗುಂಡಿಯಲ್ಲಿ ಕಂಬ ನಿಲ್ಲಿಸಲು ಆನೆ ಒಪ್ಪುವುದಿಲ್ಲ. ಮಾವುತ ಎಷ್ಟು ಹಿಂಸಿಸಿದರೂ ಕದಲುವುದಿಲ್ಲ. ಗುಂಡಿಯೊಳಗೆ ಬೆಕ್ಕಿನ ಮರಿಯೊಂದು ಇದ್ದುದು ಆಮೇಲೆ ತಿಳಿಯುತ್ತದೆ. ಈ ಪುಸ್ತಕವನ್ನು ಮಕ್ಕಳಿಗಿಂತ ಮೊದಲು ಪಾಲಕರೇ ಓದುವುದು ಒಳಿತು.

ನಮ್ಮ ಮನೆಯ ಒಂದು ಅನುಭವ

ಇಲ್ಲಿ ನಮ್ಮ ತಪ್ಪನ್ನೂ ಹೇಳಿಕೊಳ್ಳಬೇಕು. ಆರು ವರ್ಷದ ನಮ್ಮ ಮೊಮ್ಮಗಳು ಕನ್ನಡ ಅಕ್ಷರ ಕಲಿಯಲು ಉತ್ಸಾಹದಿಂದ ಕುಳಿತಳು. ಸ್ವರಗಳು ಬೇಗ ಬಂದವು. "ನೀನು ಬಲು ಜಾಣೆ, ನಿನಗೆ ಎಲ್ಲವೂ ಬರುತ್ತದೆ" ಎಂದು ನಾವು ದಿನವೂ ಹೊಗಳಿದೆವು. ಒತ್ತಕ್ಷರಗಳು ಬಂದಾಗ ಕೈ ತಡವರಿಸಿತು. ಮೂರು ಬಾರಿ ಅಳಿಸಿ ಬರೆದು, ನಾಲ್ಕನೆಯ ಬಾರಿ ಪುಟವನ್ನೇ ಹರಿದಳು. ಅಂದಿನಿಂದ ಕನ್ನಡ ಪುಸ್ತಕ ತೆಗೆದರೆ ಹೊಟ್ಟೆನೋವು ಎನ್ನತೊಡಗಿದಳು. ನಮಗೆ ಕಂಡದ್ದು ಸೋಮಾರಿತನ. ಅವಳೊಳಗೆ ಇದ್ದದ್ದು "ನಾನು ಜಾಣೆಯಲ್ಲವೆಂದು ಅಜ್ಜನಿಗೆ ತಿಳಿದುಬಿಟ್ಟರೆ?" ಎಂಬ ಅಳುಕು. ಅದನ್ನು ಹೇಳಲು ಅವಳಿಗೆ ಮಾತು ಸಿಗಲಿಲ್ಲ, ಕೇಳಲು ನಮಗೆ ತೋಚಲಿಲ್ಲ.

ಈ ವಿಷಯದಲ್ಲಿ ಸಂಶೋಧನೆಗಳೂ ನಡೆದಿವೆ. ಅಮೆರಿಕದ ಮನೋವಿಜ್ಞಾನಿಗಳಾದ ಕ್ಲಾಡಿಯಾ ಮ್ಯೂಲರ್ ಮತ್ತು ಕ್ಯಾರಲ್ ಡ್ವೆಕ್ 1998ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಬುದ್ಧಿಗಾಗಿ ಹೊಗಳಿಸಿಕೊಂಡ ಮಕ್ಕಳು ಕಷ್ಟದ ಸಮಸ್ಯೆ ಎದುರಾಗಿ ಸೋತ ಬಳಿಕ ಪ್ರಯತ್ನ ಮುಂದುವರಿಸಲು ಕಡಿಮೆ ಆಸಕ್ತಿ ತೋರಿದರು. ಶ್ರಮಕ್ಕಾಗಿ ಹೊಗಳಿಸಿಕೊಂಡವರು ಹೆಚ್ಚು ಆಸಕ್ತಿ ತೋರಿದರು. ಈ ವಿಚಾರವನ್ನು ಶಾಲೆಗಳಲ್ಲಿ ಪ್ರಯೋಗಿಸಿದ ನಂತರದ ದೊಡ್ಡ ಅಧ್ಯಯನಗಳಲ್ಲಿ ಪರಿಣಾಮ ಅಷ್ಟು ದೊಡ್ಡದಾಗಿ ಕಂಡಿಲ್ಲವಾದ್ದರಿಂದ ಇದನ್ನು ಮಂತ್ರದಂಡವೆಂದು ತಿಳಿಯಬಾರದು. ಆದರೂ "ಜಾಣೆ" ಎನ್ನುವ ಬದಲು "ಮೂರು ಸಲ ತಿದ್ದಿದೆಯಲ್ಲ, ಈ ಸಲ ಒತ್ತು ಸರಿಯಾಗಿ ಬಂದಿದೆ" ಎನ್ನುವುದರಿಂದ ನಷ್ಟವೇನೂ ಇಲ್ಲ.

ನಾವು ಅಕ್ಷರ ಬರೆಸುವುದನ್ನು ಕೆಲವು ವಾರ ನಿಲ್ಲಿಸಿ, ಚಿತ್ರಪುಸ್ತಕಗಳನ್ನು ಮಾತ್ರ ಒಟ್ಟಿಗೆ ನೋಡಿದೆವು. ಪುಸ್ತಕವೊಂದರಲ್ಲಿ ಬಿದ್ದ ಹುಡುಗನ ಮುಖವನ್ನು ತೋರಿಸಿ "ಇವನಿಗೆ ಏನಾಗುತ್ತಿದೆ?" ಎಂದು ಕೇಳಿದಾಗ, "ಇವನಿಗೆ ಗಾಯ ಆಗಿಲ್ಲ ಅಜ್ಜಾ, ಎಲ್ಲರೂ ನೋಡಿದರಲ್ಲ ಅಂತ ಅಳು" ಎಂದಳು. ಆ ಭಾವನೆಗೆ 'ನಾಚಿಕೆ' ಎನ್ನುತ್ತಾರೆಂದು ಅಂದು ಹೇಳಿಕೊಟ್ಟೆವು. ಒತ್ತಕ್ಷರಗಳು ಇನ್ನೂ ಪೂರ್ತಿಯಾಗಿ ಬಂದಿಲ್ಲ. ಆದರೆ ಪುಟ ಹರಿಯುವುದು ನಿಂತಿದೆ.

ಓದುವ ಬಗೆ

ಪುಸ್ತಕ ತಂದುಕೊಟ್ಟರೆ ಸಾಲದು, ಜೊತೆಗೆ ಕುಳಿತು ಓದಬೇಕು. ಗ್ರೋವರ್ ವೈಟ್‌ಹರ್ಸ್ಟ್ ಮತ್ತು ಸಂಗಡಿಗರು 1988ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪಾಲಕರು ನಾಲ್ಕು ವಾರಗಳ ಕಾಲ ಸುಮ್ಮನೆ ಓದಿಹೇಳದೆ ಪ್ರಶ್ನೆ ಕೇಳಿ, ಮಗುವಿನ ಉತ್ತರವನ್ನು ಬೆಳೆಸುತ್ತಾ ಓದಿದಾಗ ಮಕ್ಕಳ ಮಾತಿನ ಸಾಮರ್ಥ್ಯ ಗಮನಾರ್ಹವಾಗಿ ಹೆಚ್ಚಿತು. ಇದನ್ನು ಸಂವಾದದ ಓದು ಎನ್ನಬಹುದು. ಪಾಲಕರು ಈ ಕೆಳಗಿನ ಅಂಶಗಳನ್ನು ಗಮನಿಸಬಹುದು.

1. ಮೊದಲ ದಿನ ಅಕ್ಷರ ಓದದೆ ಚಿತ್ರಗಳನ್ನಷ್ಟೇ ನೋಡಿರಿ. ಕಥೆಯನ್ನು ಮಗುವೇ ಊಹಿಸಲಿ. ಊಹೆ ತಪ್ಪಾದರೂ ತಿದ್ದಬೇಡಿರಿ.

2. "ಇದೇನು?" ಎಂಬ ಪ್ರಶ್ನೆಗೆ ಒಂದೇ ಮಾತಿನ ಉತ್ತರ ಬರುತ್ತದೆ. "ಇವಳ ಮುಖ ಏಕೆ ಹೀಗಿದೆ?", "ಮುಂದೆ ಏನು ಮಾಡಿಯಾಳು?", "ನಿನಗೆ ಹೀಗೆ ಎಂದಾದರೂ ಆಗಿತ್ತೇ?" ಎಂಬ ಪ್ರಶ್ನೆಗಳಿಂದ ಮಾತು ಬೆಳೆಯುತ್ತದೆ.

3. ಭಾವನೆಗೆ ಕನ್ನಡದ ಹೆಸರು ಕೊಡಿರಿ. ಸಿಟ್ಟು ಮತ್ತು ಮುನಿಸು ಒಂದೇ ಅಲ್ಲ. ಮುನಿಸಿನಲ್ಲಿ ಪ್ರೀತಿಯೂ ಅಡಗಿದೆ. ಭಯ, ದಿಗಿಲು, ಅಳುಕು, ಸಂಕೋಚ, ನಾಚಿಕೆ, ಹೊಟ್ಟೆಕಿಚ್ಚು, ಬೇಸರ, ಹೆಮ್ಮೆ: ಪ್ರತಿಯೊಂದಕ್ಕೂ ಬೇರೆಯೇ ಮುಖವಿದೆ. ಮಗು ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಉತ್ತರಿಸಿದರೆ ಗದರಿಸದೆ, ಅದನ್ನೇ ಕನ್ನಡದಲ್ಲಿ ಒಮ್ಮೆ ಹೇಳಿ ಮುಂದುವರಿಯಿರಿ.

4. ಪಾತ್ರವು ಸೋತ ಪುಟದಲ್ಲಿ ನಿಲ್ಲಿರಿ. ಅವಸರದಿಂದ ಗೆಲುವಿನ ಪುಟಕ್ಕೆ ಹಾರಬೇಡಿರಿ. ಸೋತಾಗ ಪಾತ್ರ ಏನು ಮಾಡಿತು, ಯಾರ ನೆರವು ಕೇಳಿತು ಎಂಬುದೇ ಮುಖ್ಯ.

5. "ಆದ್ದರಿಂದ ನೀನೂ ಹೀಗಿರಬೇಕು" ಎಂಬ ನೀತಿಯನ್ನು ಕೊನೆಗೆ ಅಂಟಿಸಬೇಡಿರಿ. ಮಗು ಆ ಪುಸ್ತಕವನ್ನು ಮತ್ತೆ ತೆರೆಯುವುದಿಲ್ಲ.

6. ದಿನಕ್ಕೆ ಹತ್ತು–ಹದಿನೈದು ನಿಮಿಷ ಸಾಕು, ಆದರೆ ತಪ್ಪಬಾರದು. ಬ್ಯಾಂಕಿನ ಆರ್.ಡಿ. ಖಾತೆಯಂತೆ ಇಲ್ಲಿಯೂ ಕಂತಿನ ಮೊತ್ತಕ್ಕಿಂತ ಕಂತು ತಪ್ಪದಿರುವುದು ಮುಖ್ಯ. ಅದೇ ಪುಸ್ತಕವನ್ನು ಮಗು ಇಪ್ಪತ್ತು ಬಾರಿ ಕೇಳಿದರೆ ಇಪ್ಪತ್ತು ಬಾರಿಯೂ ಓದಿರಿ.

ಯಾವ ಪುಸ್ತಕಗಳು?

ನಮ್ಮ ಊರಿನಿಂದಲೇ ಆರಂಭಿಸೋಣ. ಪುಣೆಯ ಲೇಖಕಿ, ಚಿತ್ರಕಲಾವಿದೆ ಮಾಧುರಿ ಪುರಂದರೆಯವರು ಮರಾಠಿ ಮಕ್ಕಳ ಪುಸ್ತಕಗಳಿಗೆ ಹೊಸ ರೂಪ ಕೊಟ್ಟವರು. ಅವರಿಗೆ 2014ರಲ್ಲಿ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಲಭಿಸಿತು. ಜ್ಯೋತ್ಸ್ನಾ ಪ್ರಕಾಶನದಿಂದ ಬಂದಿರುವ 'ರಾಧಾಚಂ ಘರ', 'ಯಶ್' ಮಾಲಿಕೆಗಳಲ್ಲಿ ರಾಜಕುಮಾರರಿಲ್ಲ, ರಾಕ್ಷಸರಿಲ್ಲ. ನಮ್ಮ ನಿಮ್ಮಂತಹ ಮನೆಗಳ ದಿನನಿತ್ಯದ ಬದುಕಿದೆ. ಅವರ 'ಚಿತ್ರವಾಚನ' ಹೆಸರೇ ಹೇಳುವಂತೆ ಚಿತ್ರವನ್ನು ಓದುವ ಪುಸ್ತಕ. ಪುಣೆಯ ಕನ್ನಡಿಗರಲ್ಲಿ ಬಹುತೇಕರಿಗೆ ಮರಾಠಿ ಓದಲು ಬರುತ್ತದೆ. ಈ ಪುಸ್ತಕಗಳನ್ನು ಮುಂದಿಟ್ಟುಕೊಂಡು ಕಥೆಯನ್ನು ಕನ್ನಡದಲ್ಲಿ ಹೇಳಿದರೆ ಎರಡೂ ಭಾಷೆಗಳಿಗೆ ನ್ಯಾಯ ದೊರೆಯುತ್ತದೆ.

ಬೆಂಗಳೂರಿನಲ್ಲಿ 2004ರಲ್ಲಿ ಆರಂಭವಾದ ಪ್ರಥಮ್ ಬುಕ್ಸ್ ಕನ್ನಡವೂ ಸೇರಿದಂತೆ ಅನೇಕ ಭಾಷೆಗಳಲ್ಲಿ ಅಗ್ಗದ ಚಿತ್ರಪುಸ್ತಕಗಳನ್ನು ಪ್ರಕಟಿಸುತ್ತಿದೆ. ಅದರ 'ಸ್ಟೋರಿವೀವರ್' ಎಂಬ ಅಂತರಜಾಲ ತಾಣ 2015ರಲ್ಲಿ ಆರಂಭವಾಯಿತು. ಅಲ್ಲಿ ಕನ್ನಡ ಕಥೆಗಳನ್ನು ಶುಲ್ಕವಿಲ್ಲದೆ ಓದಬಹುದು, ಮುದ್ರಿಸಿಕೊಳ್ಳಬಹುದು. ಸುಜಾತಾ ಪದ್ಮನಾಭನ್ ಅವರ 'ಚುಸ್ಕಿತ್' ಕಥೆ ವಿಶೇಷವಾಗಿ ಉಲ್ಲೇಖನೀಯ. ಲಡಾಖಿನ ಈ ಬಾಲಕಿ ಗಾಲಿಕುರ್ಚಿಯನ್ನು ಅವಲಂಬಿಸಿದವಳು. ಹಾದಿ ಸರಿಯಿಲ್ಲದ ಕಾರಣ ಶಾಲೆಗೆ ಹೋಗಲಾಗುವುದಿಲ್ಲ. ಕೊನೆಗೆ ಊರಿನ ಮಕ್ಕಳೂ ಹಿರಿಯರೂ ಸೇರಿ ಹಾದಿಯನ್ನೇ ಸರಿಪಡಿಸುತ್ತಾರೆ. ಛಲವೆಂದರೆ ಒಬ್ಬರೇ ಹಲ್ಲುಕಚ್ಚಿ ಸಹಿಸುವುದಲ್ಲ, ಅಡ್ಡಿಯನ್ನು ತೆಗೆಯುವುದು ಸುತ್ತಲಿನವರ ಹೊಣೆಯೂ ಹೌದು ಎಂಬುದನ್ನು ಇದು ತೋರಿಸುತ್ತದೆ. ಚೆನ್ನೈನ ತೂಲಿಕಾ ಪ್ರಕಾಶನದ ಕನ್ನಡ–ಇಂಗ್ಲಿಷ್ ದ್ವಿಭಾಷಾ ಪುಸ್ತಕಗಳು ಕನ್ನಡ ಲಿಪಿ ಇನ್ನೂ ಬಾರದ ಮಕ್ಕಳ ಮನೆಗಳಿಗೆ ಅನುಕೂಲಕರ.

ಹೊರಗಿನ ಪುಸ್ತಕಗಳ ಪೈಕಿ ರೂತ್ ಕ್ರೌಸ್ ಬರೆದ 'ದಿ ಕ್ಯಾರಟ್ ಸೀಡ್' (1945) ತೀರ ಸರಳವಾದುದು. ಬಾಲಕನೊಬ್ಬ ಬೀಜ ನೆಡುತ್ತಾನೆ. ಅದು ಮೊಳೆಯಲಾರದೆಂದು ಮನೆಯವರೆಲ್ಲ ಹೇಳುತ್ತಾರೆ. ಅವನು ಕಳೆ ಕೀಳುತ್ತಾ ನೀರೆರೆಯುತ್ತಾ ಕಾಯುತ್ತಾನೆ. ಗಜ್ಜರಿ ಕೊನೆಗೂ ಮೇಲೆ ಬರುತ್ತದೆ. ಅಜ್ಜ, ಅಜ್ಜಿ, ಮೊಮ್ಮಗಳು, ನಾಯಿ, ಬೆಕ್ಕು, ಕೊನೆಗೆ ಇಲಿಯೂ ಸೇರಿ ದೊಡ್ಡ ಗಡ್ಡೆಯನ್ನು ಕಿತ್ತ ರಷ್ಯದ ಜನಪದ ಕಥೆಯೂ ಇಂತಹುದೇ.

ನಮ್ಮ ಪಂಚತಂತ್ರದ ಪ್ರಾಣಿಗಳನ್ನು ಮಕ್ಕಳು ಪ್ರೀತಿಸುತ್ತಾರೆ. ಆದರೆ ಕೆನಡಾದ ಟೊರಾಂಟೊದಲ್ಲಿ ನಡೆದು 2017ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಹಂಚಿಕೊಳ್ಳುವ ಗುಣದ ಕಥೆಯನ್ನು ಮನುಷ್ಯ ಪಾತ್ರಗಳ ಮೂಲಕ ಕೇಳಿದ ಮಕ್ಕಳು ಪ್ರಾಣಿ ಪಾತ್ರಗಳ ಮೂಲಕ ಕೇಳಿದವರಿಗಿಂತ ಹೆಚ್ಚು ಹಂಚಿಕೊಂಡರು. ಒಂದೇ ಅಧ್ಯಯನದಿಂದ ನರಿ–ಕಾಗೆಗಳನ್ನು ಮನೆಯಿಂದ ಓಡಿಸಬೇಕಾಗಿಲ್ಲ. ತನ್ನಂತಹ ಮಗುವಿನ ಕಥೆಯೂ ಜೊತೆಗಿರಲಿ.

ಎಚ್ಚರಿಕೆಯ ಮಾತು

ಚಿತ್ರಪುಸ್ತಕವು ಔಷಧಿಯಲ್ಲ. ಮಗು ಅನೇಕ ವಾರ ಮಂಕಾಗಿದ್ದರೆ, ನಿದ್ರೆ–ಊಟ ಬಿಟ್ಟರೆ, ಶಾಲೆಯೆಂದರೆ ನಡುಗಿದರೆ ವೈದ್ಯರನ್ನೋ ಮಕ್ಕಳ ಆಪ್ತಸಲಹೆಗಾರರನ್ನೋ ಕಾಣುವುದು ಅಗತ್ಯ. ಎಲ್ಲ ಕೆಲಸದಲ್ಲಿಯೂ ಛಲ ಹಿಡಿಯಬೇಕೆಂದೂ ಇಲ್ಲ; ಇಷ್ಟವಿಲ್ಲದ ತರಗತಿಯನ್ನು ಯೋಚಿಸಿ ಬಿಡುವುದು ಸೋಲಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಹಿರಿಯರು ತಮ್ಮ ಸೋಲುಗಳನ್ನು ಮಕ್ಕಳ ಮುಂದೆ ಒಪ್ಪಿಕೊಳ್ಳುವುದು ಪುಸ್ತಕಕ್ಕಿಂತ ದೊಡ್ಡ ಪಾಠ.

ಹಬ್ಬಕ್ಕೋ ರಜೆಗೋ ಊರಿಗೆ ಹೋದಾಗ ಒಂದೆರಡು ಕನ್ನಡ ಚಿತ್ರಪುಸ್ತಕಗಳನ್ನು ತನ್ನಿರಿ. ಮಕ್ಕಳು ಬೆಳೆದ ಮನೆಗಳಲ್ಲಿ ಪೆಟ್ಟಿಗೆ ಸೇರಿದ ಪುಸ್ತಕಗಳನ್ನು ನೆರೆಯ ಕನ್ನಡದ ಮನೆಗೆ ಕೊಡಿರಿ. ಅಜ್ಜಿಯೊಡನೆ ಫೋನಿನಲ್ಲಿ "ಚೆನ್ನಾಗಿದ್ದೇನೆ" ಎಂದು ಮುಗಿಸುತ್ತಿದ್ದ ಮಗು, ಒಂದು ದಿನ "ಇವತ್ತು ನನಗೆ ಬೇಸರ ಅಜ್ಜಿ" ಎಂದು ಮಾತು ಮುಂದುವರಿಸಿದರೆ, ಆ ಬೇಸರವನ್ನು ಕೇಳಿ ಅಜ್ಜಿಗೆ ಸಂತೋಷವೇ ಆದೀತು.