ದ್ವೀಪದ ತೋಳಗಳು

ನೀರು ಕೋಟೆಯೂ ಹೌದು, ಸೆರೆಮನೆಯೂ ಹೌದು ಎಂಬುದಕ್ಕೆ ಅಮೆರಿಕದ ಐಲ್ ರಾಯಲ್ ದ್ವೀಪದ ತೋಳಗಳ ಚರಿತ್ರೆಯೇ ಸಾಕ್ಷಿ.

ಈ ದ್ವೀಪವು ಸುಪೀರಿಯರ್ ಮಹಾಸರೋವರದಲ್ಲಿ, ದಡದಿಂದ ಸುಮಾರು 15 ಮೈಲಿ ದೂರದಲ್ಲಿದೆ. 1949ರ ಸುಮಾರಿಗೆ ನೀರು ಹೆಪ್ಪುಗಟ್ಟಿದ್ದಾಗ ಕೆಲವೇ ತೋಳಗಳು ಮಂಜುಗಡ್ಡೆಯ ಮೇಲೆ ನಡೆದು ಇಲ್ಲಿಗೆ ಬಂದುವು. ಮೂಸ್ ಎಂಬ ಮಹಾಕಾಯದ ಜಿಂಕೆಗಳು ಅವುಗಳಿಗೆ ಆಹಾರವಾದುವು. 1980ರಲ್ಲಿ ತೋಳಗಳು 50 ಇದ್ದುವು. ನಾಯಿಗಳಿಂದ ತಗುಲಿದ ಪಾರ್ವೊ ರೋಗದಿಂದ 1982ರಲ್ಲಿ 14 ಉಳಿದುವು.

ರೋಗವು ಕಳೆದ ಮೇಲೂ ಈ ಕುಲವು ಮೊದಲಿನಂತೆ ಏಳಲಿಲ್ಲವೇಕೆಂದು ನಾವು ಕೇಳಬೇಕು. ಅವೆಲ್ಲವೂ ಒಬ್ಬಳೇ ತಾಯಿಯ ಸಂತತಿ. ಬಂಧುಗಳೇ ತಲೆತಲಾಂತರವಾಗಿ ಕೂಡುತ್ತ ಬಂದರೆ, ತಂದೆತಾಯಿಗಳಿಬ್ಬರಲ್ಲಿಯೂ ಅಡಗಿದ್ದ ಒಂದೇ ದೋಷವು ಮರಿಯಲ್ಲಿ ಜೊತೆಗೂಡಿ ಪ್ರಕಟವಾಗುವುದು. ಇಲ್ಲಿ ಹಲವು ತೋಳಗಳ ಬೆನ್ನೆಲುಬೇ ವಿಕಾರಗೊಂಡಿದ್ದಿತು. 1997ರಲ್ಲಿ ಕೆನಡದಿಂದ ಒಂದು ಗಂಡುತೋಳವು ಮಂಜುಗಡ್ಡೆಯನ್ನು ದಾಟಿ ಬಂದಿತು. ಅದರ ಸಂತಾನವು ಕೆಲಕಾಲ ಏಳಿಗೆ ಹೊಂದಿತು. ಆದರೆ ಬೇಗನೆ ದ್ವೀಪವೆಲ್ಲವೂ ಅದರ ಬಳಗವೇ ಆಯಿತು. 2016ರಲ್ಲಿ ಉಳಿದುವು ಎರಡೇ: ತಂದೆ ಮತ್ತು ಮಗಳು.

ಇತ್ತ ಮೂಸ್‌ಗಳು ಮಿತಿಮೀರಿ ಹೆಚ್ಚಿ ಎಳೆಮರಗಳನ್ನು ಮೇಯತೊಡಗಿದುವು. ಚಳಿ ಕುಗ್ಗಿದ್ದರಿಂದ ಸರೋವರವು ಹೆಪ್ಪುಗಟ್ಟುವುದೂ ಅಪರೂಪವಾಗಿದ್ದಿತು. ಕಡೆಗೆ 2018–19ರಲ್ಲಿ ಮನುಷ್ಯರೇ 19 ತೋಳಗಳನ್ನು ತಂದು ಬಿಟ್ಟರು. ಕಾಡನ್ನು ಕಾಯುವ ನಾವು, ಕಾಡಿನಿಂದ ಕಾಡಿಗೆ ಹೋಗುವ ದಾರಿಯನ್ನೂ ಕಾಯಬೇಕು.