ಸುದ್ದಿ ಓದುವಾಕೆ ಕುಣಿದ ರಾತ್ರಿ

ಇವತ್ತು ಸ್ವಲ್ಪ ಹಿಂದಕ್ಕೆ ಹೋಗೋಣ. 1976ರ ಡಿಸೆಂಬರ್ 25. ಬ್ರಿಟನ್. ಕ್ರಿಸ್‌ಮಸ್ ರಾತ್ರಿ. ಬಿಬಿಸಿಯ ಒಂದನೇ ಚಾನೆಲ್‌ನಲ್ಲಿ ಎರಿಕ್ ಮೊರ್ಕಮ್ ಮತ್ತು ಅರ್ನಿ ವೈಸ್ ಎಂಬ ಹಾಸ್ಯ ಜೋಡಿಯ ಕಾರ್ಯಕ್ರಮ ನಡೀತಿದೆ. ತೆರೆಯ ಮೇಲೆ ಸುದ್ದಿಯ ಮೇಜು. ಅದರ ಹಿಂದೆ ಆಂಜೆಲಾ ರಿಪ್ಪನ್. ರಾತ್ರಿ ಒಂಬತ್ತರ ವಾರ್ತೆ ಓದುವ ಅದೇ ಹೆಣ್ಣುಮಗಳು, ಅದೇ ಗಂಭೀರ ಮುಖ. ಓದ್ತಾ ಓದ್ತಾ ಮಾತು ಹಾಡಾಗುತ್ತೆ. ಮೇಜು ಸರಿಯುತ್ತೆ. ಆಕೆ ಎದ್ದು ಬಂದು ಕುಣಿಯೋಕೆ ಶುರು ಮಾಡ್ತಾರೆ!

ಇಡೀ ದೇಶ ಬೆರಗಾಯಿತು. ಸುದ್ದಿ ಓದುವವರಿಗೂ ಕಾಲಿರುತ್ತೆ ಅನ್ನೋದೇ ಅಲ್ಲಿಯವರೆಗೆ ಯಾರಿಗೂ ಹೊಳೆದಿರಲಿಲ್ಲವೇನೋ!

ಒಬ್ಬ ಆಂಕರ್ ಕುಣಿದರೆ ಅದೇನು ದೊಡ್ಡ ವಿಷಯ ಅಂತೀರಾ? ನಾವು ದಿನಾ ಕುಣೀತೀವಲ್ಲ! ವಿಷಯ ಇರೋದೇ ಅಲ್ಲಿ.

ಆಗ ಬ್ರಿಟನ್‌ನಲ್ಲಿ ಇದ್ದದ್ದು ಮೂರೇ ಚಾನೆಲ್. ಜನರ ಲೈಸೆನ್ಸ್ ಶುಲ್ಕದಲ್ಲಿ ನಡೆಯುವ ಬಿಬಿಸಿಯ ಎರಡು, ಜಾಹೀರಾತಿನ ಹಣದ ಐಟಿವಿ ಒಂದು. ನಾಲ್ಕನೆಯದು ಬಂದದ್ದು 1982ರಲ್ಲಿ. ಆದರೆ ಆ ಮೂರರಲ್ಲಿ ಏನೇನಿತ್ತು ನೋಡಿ. ಶನಿವಾರ ಸಂಜೆ ಮಕ್ಕಳಿಗೆ ‘ಡಾಕ್ಟರ್ ಹೂ’. 1975ರಲ್ಲಿ ‘ಫಾಲ್ಟಿ ಟವರ್ಸ್’: ಗಿರಾಕಿಗಳ ಮೇಲೆಯೇ ರೇಗಾಡುವ ಹೋಟೆಲ್ ಮಾಲೀಕನ ಕಥೆ. ಆ ವರ್ಷ ಬಂದದ್ದು ಆರೇ ಕಂತು, ಜನ ಇವತ್ತಿಗೂ ನಗ್ತಾರೆ.

ಅದೇ ಪೆಟ್ಟಿಗೆಯಲ್ಲಿ 1973ರಲ್ಲಿ ‘ದಿ ಅಸೆಂಟ್ ಆಫ್ ಮ್ಯಾನ್’ ಬಂತು. ವಿಜ್ಞಾನದ ಕಥೆ ಹೇಳ್ತಿದ್ದ ಜೇಕಬ್ ಬ್ರೊನೊವ್ಸ್ಕಿ ಒಂದು ಕಂತಿನಲ್ಲಿ ಆಶ್‌ವಿಟ್ಜ್‌ಗೆ ಹೋಗ್ತಾರೆ. ನಾಜಿಗಳು ಕೊಂದವರ ಬೂದಿ ಸುರಿದ ಕೊಳ ಅದು. ಅವರ ಬಂಧುಗಳೂ ಅಲ್ಲೇ ಸತ್ತಿದ್ದರು. ಬೂಟು ಹಾಕಿಕೊಂಡೇ ನೀರಿಗಿಳಿದು ಆ ಕೆಸರನ್ನು ಕೈಯಲ್ಲಿ ಎತ್ತಿಕೊಳ್ಳುತ್ತಾರೆ. ಅಬ್ಬರದ ಮಾತಿಲ್ಲ. ಅದೇ ವರ್ಷ ಜಾಹೀರಾತು ನಂಬಿದ ಐಟಿವಿ ಎರಡನೇ ಮಹಾಯುದ್ಧದ ಬಗ್ಗೆ 26 ಕಂತುಗಳ ‘ದಿ ವರ್ಲ್ಡ್ ಅಟ್ ವಾರ್’ ಶುರು ಮಾಡಿತು. ಅದಕ್ಕೆ ದನಿ ಕೊಟ್ಟವರು ನಟ ಲಾರೆನ್ಸ್ ಒಲಿವಿಯರ್.

ನಗು, ಅಳು, ಪಾಠ, ಎಲ್ಲವೂ ಇತ್ತು. ಆದರೆ ಪ್ರತಿಯೊಂದಕ್ಕೂ ಅದರದ್ದೇ ಕೋಣೆ. 1976 ಬ್ರಿಟನ್‌ಗೆ ಕಷ್ಟದ ವರ್ಷ. ಬೇಸಿಗೆಯಲ್ಲಿ ಭಾರೀ ಬರ. ಆಮೇಲೆ ಐಎಂಎಫ್ ಮುಂದೆ 390 ಕೋಟಿ ಡಾಲರ್ ಸಾಲಕ್ಕೆ ಕೈಯೊಡ್ಡಿದ್ದೂ ಅದೇ ವರ್ಷ. ಅಂಥ ಸುದ್ದಿಗಳನ್ನು ನೆಟ್ಟಗೆ ಕೂತು ಓದಿದ್ದರಿಂದಲೇ ಡಿಸೆಂಬರ್‌ನ ಆ ಕುಣಿತಕ್ಕೆ ಬೆಲೆ ಬಂತು.

ಹಾಗಂತ ಅದೇನು ರಾಮರಾಜ್ಯ ಆಗಿರಲಿಲ್ಲ. ಬಿಳಿಯರು ಮುಖಕ್ಕೆ ಕಪ್ಪು ಬಳಿದುಕೊಂಡು ಹಾಡುವ ‘ಬ್ಲ್ಯಾಕ್ ಅಂಡ್ ವೈಟ್ ಮಿನ್‌ಸ್ಟ್ರೆಲ್ ಶೋ’ ಅನ್ನೋದನ್ನು ಇದೇ ಬಿಬಿಸಿ 1958ರಿಂದ ತೋರಿಸಿಕೊಂಡು ಬಂದಿತ್ತು. ನಿಲ್ಲಿಸಿ ಅಂತ 1967ರಲ್ಲೇ ಮನವಿ ಹೋಯಿತು. ನಿಂತದ್ದು 1978ರಲ್ಲಿ! ಮೂರೇ ಚಾನೆಲ್ ಇದ್ದಾಗ ಅವಮಾನ ಆದವರು ಬೇರೆ ಯಾವ ಬಾಗಿಲು ತಟ್ಟಬೇಕು? ಇವತ್ತು ಹತ್ತಾರು ಬಾಗಿಲಿವೆ, ಅದು ಒಳ್ಳೆಯದೇ. ಆದರೆ ಯಾವ ಬಾಗಿಲು ತೆಗೆದರೂ ಒಳಗೆ ಒಂದೇ ಗದ್ದಲ.

ಬೇರೆಯವರನ್ನು ಯಾಕೆ ಬೈಯಲಿ? ನಾನೇ ಮಾಡಿದ್ದೀನಿ. ಒಂದು ಸಂಜೆ ಬರದ ಹಳ್ಳಿಯೊಂದರ ವರದಿ ರೆಡಿ ಇತ್ತು. ಅದನ್ನು ಪಕ್ಕಕ್ಕಿಟ್ಟು ನಟರೊಬ್ಬರ ಮದುವೆ ಊಟದಲ್ಲಿ ಎಷ್ಟು ಬಗೆ ಸಿಹಿ ಅಂತ ಅರ್ಧ ಗಂಟೆ ಹೇಳಿದೆ, ಹಿಂದೆ ಡೋಲಿನ ಸದ್ದು ಬೇರೆ. ರೇಟಿಂಗ್ ಚೆನ್ನಾಗೇ ಬಂತು. ಮಾರನೇ ದಿನ ಆ ಹಳ್ಳಿಯ ರೈತರೊಬ್ಬರು ಫೋನ್ ಮಾಡಿದರು. “ಸಾರ್, ಊರೋರೆಲ್ಲ ಟಿವಿ ಮುಂದೆ ಕೂತಿದ್ವಿ. ನಮ್ದು ಯಾವಾಗ ಬರುತ್ತೆ?” ಕೋಪ ಇರಲಿಲ್ಲ ಆ ದನಿಯಲ್ಲಿ. ಇದ್ದಿದ್ದರೆ ಉತ್ತರ ಕೊಡೋದು ಸುಲಭ ಆಗ್ತಿತ್ತು.

ಆಂಜೆಲಾ ರಿಪ್ಪನ್ ಕುಣಿದು ಮುಗಿಸಿ ಮತ್ತೆ ಸುದ್ದಿಯ ಮೇಜಿಗೆ ಮರಳಿದರು. ಸುದ್ದಿ ಓದಿದರು, ಜನ ಕೇಳಿದರು. ನಾವು ಮೇಜಿನ ಮೇಲೆಯೇ ಕುಣೀತಿದ್ದೀವಿ, ಇಳಿದು ಕೂರೋದು ಯಾವಾಗ? ಆ ರೈತರು ಕೇಳಿದ್ದೂ ಇದನ್ನೇ.