ಜಪಾನಿನವರು ರೇಷ್ಮೆ ಯಾಕೆ ಬಿಟ್ಟರು? ಹುಳು ಮನೆಯಿಂದ ಶುರುವಾದ ಒಂದು ಹುಡುಕಾಟ

ಕೊರಟಗೆರೆ ತಾಲ್ಲೂಕಿನ ಒಂದು ಹುಳು ಮನೆಯಲ್ಲಿ ಈ ಪ್ರಶ್ನೆ ನಮಗೆ ಎದುರಾಯಿತು. ಗೂಡಿನ ಬೆಲೆ ಬಗ್ಗೆ ನಾಲ್ಕು ಸಾಲಿನ ಸುದ್ದಿ ಮಾಡಲು ಹೋಗಿದ್ದೆವು. ಮನೆಯ ಯಜಮಾನರು ಬಿಳಿ ಗೂಡು ಬೆಳೆಯುವವರು. ಮಾತಿನ ನಡುವೆ, "ಈ ಬೈವೋಲ್ಟೈನ್ ಕಲಿಸಿದ್ದು ಜಪಾನಿನವರು ಅಂತಾರೆ. ಅವರೇ ಈಗ ರೇಷ್ಮೆ ಬೆಳೆಯಲ್ವಂತೆ. ಯಾಕ್ ಬಿಟ್ರು ಸಾರ್?" ಎಂದರು. ನಮ್ಮ ಹತ್ತಿರ ಉತ್ತರವಿರಲಿಲ್ಲ.

ಬಿ.ಎ. ಓದುತ್ತಿರುವ ಅವರ ಮಗಳು ಅಷ್ಟರಲ್ಲಾಗಲೇ ಮೊಬೈಲ್‌ನಲ್ಲಿ ಹುಡುಕಿ ಸೋತಿದ್ದಳು. ಕಾಲೇಜಿನ ಇತಿಹಾಸ ಸೆಮಿನಾರ್‌ಗೆ ಏಷ್ಯಾದ ಒಂದು ದೇಶ ಆರಿಸಿಕೊಳ್ಳಲು ಹೇಳಿದ್ದರಂತೆ. ಅಪ್ಪನ ಪ್ರಶ್ನೆಯನ್ನೇ ವಿಷಯ ಮಾಡಿಕೊಳ್ಳೋಣ ಎಂದುಕೊಂಡಿದ್ದಳು. ಆದರೆ ಕನ್ನಡದಲ್ಲಿ ಜಪಾನಿನ ಇತಿಹಾಸ ಹುಡುಕಿದರೆ ಬಹುತೇಕ ಸಿಗುವುದು ಸ್ಪರ್ಧಾತ್ಮಕ ಪರೀಕ್ಷೆಯ ನೋಟ್ಸು. 1868ರ ಮೇಜಿ ಕಾಲ, 1945ರ ಹಿರೋಷಿಮಾ, ನಡುವೆ ಎರಡು ಬುಲೆಟ್ ಪಾಯಿಂಟು, ಅಷ್ಟೇ. ರೇಷ್ಮೆಯ ಸುದ್ದಿಯೇ ಇಲ್ಲ.

ಇದು ನಮಗೆ ವಿಚಿತ್ರವಾಗಿ ಕಂಡಿತು. ಯಾಕೆಂದರೆ ನಮ್ಮ ಸೀಮೆಗೂ ಜಪಾನಿಗೂ ನಂಟು ನಿನ್ನೆ ಮೊನ್ನೆಯದಲ್ಲ. ತುಮಕೂರಿನಿಂದ ಶಿರಾ ಕಡೆ ಹೋಗುವ ಹೆದ್ದಾರಿಯ ಪಕ್ಕದ ವಸಂತನರಸಾಪುರಕ್ಕೆ ಜಪಾನ್ ಕೈಗಾರಿಕಾ ಟೌನ್‌ಶಿಪ್ ಬರುತ್ತದೆ ಎಂಬ ಸುದ್ದಿಯನ್ನು ನಾವೇ ಎಷ್ಟು ಸಲ ಬರೆದಿಲ್ಲ! ಆದರೆ ಅದಕ್ಕೂ ನೂರು ವರ್ಷ ಹಿಂದೆಯೇ ಮೈಸೂರು ಸಂಸ್ಥಾನ ಜಪಾನನ್ನು ನೋಡಿ ಕಲಿಯಲು ಹೊರಟಿತ್ತು.

ವಿಶ್ವೇಶ್ವರಯ್ಯನವರು ಮೊದಲ ಸಲ ಜಪಾನಿಗೆ ಹೋಗಿದ್ದು 1898ರಲ್ಲಿ. ಆಗ ಅವರು ಮುಂಬೈ ಸರ್ಕಾರದ ಎಂಜಿನಿಯರ್, ದಿವಾನಗಿರಿ ಇನ್ನೂ ದೂರವಿತ್ತು. ಅಲ್ಲಿ ಅವರನ್ನು ಹಿಡಿದು ನಿಲ್ಲಿಸಿದ್ದು ಕಾರ್ಖಾನೆಯಷ್ಟೇ ಶಾಲೆ. ಜಪಾನ್ 1872ರಲ್ಲೇ ದೇಶಕ್ಕೆಲ್ಲ ಒಂದು ಶಿಕ್ಷಣ ವ್ಯವಸ್ಥೆಯ ಆದೇಶ ಹೊರಡಿಸಿತ್ತು. ಮೊದಮೊದಲು ರೈತರು ಶಾಲೆ ತೆರಿಗೆಗೆ ಸಿಟ್ಟಾಗಿ ಕೆಲವೆಡೆ ಶಾಲೆಗಳಿಗೆ ಬೆಂಕಿಯನ್ನೂ ಇಟ್ಟರು. ಆದರೂ 20ನೇ ಶತಮಾನದ ಮೊದಲ ದಶಕದ ಹೊತ್ತಿಗೆ ಹೆಚ್ಚುಕಡಿಮೆ ಎಲ್ಲ ಮಕ್ಕಳ ಹೆಸರೂ ಶಾಲೆಯ ದಾಖಲೆಯಲ್ಲಿತ್ತು. 1912ರಲ್ಲಿ ದಿವಾನರಾದ ಮೇಲೆ ವಿಶ್ವೇಶ್ವರಯ್ಯನವರ ಕಾಲದಲ್ಲಿ ಮೈಸೂರಿನಲ್ಲಿ 1913ರ ಪ್ರಾಥಮಿಕ ಶಿಕ್ಷಣ ಕಾಯ್ದೆ ಬಂತು, 1916ರಲ್ಲಿ ವಿಶ್ವವಿದ್ಯಾಲಯ ಬಂತು. 1920ರ ಅವರ 'ರೀಕನ್‌ಸ್ಟ್ರಕ್ಟಿಂಗ್ ಇಂಡಿಯಾ' ಪುಸ್ತಕದಲ್ಲಿ ಜಪಾನಿನ ಹೋಲಿಕೆ ಮತ್ತೆ ಮತ್ತೆ ಬರುತ್ತದೆ. ಹಳೆಯ ಪುಸ್ತಕವಾದ್ದರಿಂದ ಇಂಟರ್‌ನೆಟ್ ಆರ್ಕೈವ್‌ನಲ್ಲಿ ಪುಕ್ಕಟೆ ಸಿಗುತ್ತದೆ.

ರೇಷ್ಮೆಯ ಕಥೆಯೂ ಅದೇ ಕಾಲದ್ದು. ಜೆ.ಎನ್. ಟಾಟಾ 19ನೇ ಶತಮಾನದ ಕೊನೆಯಲ್ಲಿ ಬೆಂಗಳೂರಿನಲ್ಲಿ ರೇಷ್ಮೆ ಫಾರಂ ಮಾಡಿ, ಕಲಿಸಲು ಜಪಾನಿನಿಂದ ತಜ್ಞರನ್ನು ಕರೆಸಿದರು. ಬಸವನಗುಡಿ ಕಡೆ ಓಡಾಡುವವರಿಗೆ ಟಾಟಾ ಸಿಲ್ಕ್ ಫಾರಂ ಇವತ್ತು ಒಂದು ಬಸ್ ಸ್ಟಾಪಿನ ಹೆಸರು. ಕೊರಟಗೆರೆಯ ಯಜಮಾನರು ಹೇಳಿದ ಬಿಳಿ ಗೂಡು ಮಾತ್ರ ಬಹಳ ಈಚಿನದು. 1991ರಲ್ಲಿ ಜಪಾನಿನ ಅಂತಾರಾಷ್ಟ್ರೀಯ ಸಹಕಾರ ಸಂಸ್ಥೆ, ಅಂದರೆ ನಾವು ಜೈಕಾ ಎನ್ನುವುದು, ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆಯ ಜೊತೆ ಕೈಜೋಡಿಸಿತು. ಜಪಾನಿನ ತಳಿಗಳನ್ನು ಆಧಾರವಾಗಿಟ್ಟುಕೊಂಡು ನಮ್ಮ ಬಿಸಿಲಿಗೆ ಒಗ್ಗುವ ಸಿ.ಎಸ್.ಆರ್. ತಳಿಗಳು ಬಂದವು. 1997ರ ನಂತರದ ಹಂತದಲ್ಲಿ ಅವು ರೈತರ ಮನೆಗಳಿಗೆ ಬಂದವು. ಹಳದಿ ಗೂಡಿನ ಪಕ್ಕದಲ್ಲಿ ಬಿಳಿ ಗೂಡು ಮಾರುಕಟ್ಟೆಯಲ್ಲಿ ಕಾಣಿಸಿಕೊಂಡ ಹಿನ್ನೆಲೆ ಇದು.

ಈ ಯೋಜನೆಯ ಇಂಗ್ಲಿಷ್ ವರದಿಗಳು ಜೈಕಾದ ಆನ್‌ಲೈನ್ ಗ್ರಂಥಾಲಯದಲ್ಲಿವೆ. ದುಡ್ಡಿಲ್ಲ, ಪಾಸ್‌ವರ್ಡ್ ಇಲ್ಲ. ಅದೇ ಗ್ರಂಥಾಲಯದಲ್ಲಿ ಚೆನ್ನೈ-ಬೆಂಗಳೂರು ಕೈಗಾರಿಕಾ ಕಾರಿಡಾರ್‌ಗೆ ಜೈಕಾ ಮಾಡಿಸಿದ ಅಧ್ಯಯನವೂ ಇದೆ. ಅದರ ಒಂದು ಭಾಗ ಪೂರ್ತಿ ತುಮಕೂರು ನೋಡ್‌ನದು, 2015ರದು. ನಮ್ಮ ಭೂಮಿ, ನೀರು, ರಸ್ತೆ, ವಿದ್ಯುತ್ತಿನ ಲೆಕ್ಕವನ್ನು ಬೇರೆ ದೇಶದ ಸಂಸ್ಥೆ ಕೂಡಿಸಿ ಎಲ್ಲರಿಗೂ ಕಾಣುವಂತೆ ಇಟ್ಟಿದೆ. ನಾಚಿಕೆಯಾದರೂ ಹೇಳಬೇಕು: ವಸಂತನರಸಾಪುರದ ಬಗ್ಗೆ ವರ್ಷಗಟ್ಟಲೆ ಸುದ್ದಿ ಬರೆದ ನಾವು ಈ ವರದಿಯನ್ನು ತೆರೆದಿದ್ದು ಈ ಹುಡುಗಿಯ ಸೆಮಿನಾರ್ ನೆಪದಲ್ಲಿ.

ಇನ್ನು ಅಪ್ಪನ ಪ್ರಶ್ನೆ. ಅದಕ್ಕೆ ಜಪಾನಿನೊಳಗಿನ ದಾಖಲೆ ಬೇಕಿತ್ತು. ಅಲ್ಲಿನ ವಿದ್ವತ್ ಪತ್ರಿಕೆಗಳನ್ನೆಲ್ಲ ಒಂದೆಡೆ ಇಟ್ಟಿರುವ ತಾಣ ಜೆ-ಸ್ಟೇಜ್. 1930ರಲ್ಲಿ ಶುರುವಾದ ಅವರ ರೇಷ್ಮೆ ವಿಜ್ಞಾನ ಪತ್ರಿಕೆಯ ಹಳೆಯ ಸಂಚಿಕೆಗಳೂ ಅಲ್ಲಿವೆ. ಲೇಖನ ಜಪಾನಿ ಭಾಷೆಯಲ್ಲಿದ್ದರೂ ಎಷ್ಟೋ ಕಡೆ ಇಂಗ್ಲಿಷ್ ಸಾರಾಂಶ ಇರುತ್ತದೆ. ಯಾವ ಲೇಖನ ಯಾವ ಪುಸ್ತಕದಲ್ಲಿದೆ ಎಂದು ಹುಡುಕಲು ಸಿನಿ ಎಂಬ ಸೂಚಿ ಇದೆ. ಸರ್ಕಾರಿ ಕಡತ ಬೇಕೆಂದರೆ 2001ರಲ್ಲಿ ತೆರೆದ ಏಷ್ಯಾ ಐತಿಹಾಸಿಕ ದಾಖಲೆಗಳ ಕೇಂದ್ರ ಇದೆ, ಇಂಗ್ಲಿಷಿನಲ್ಲೂ ಹುಡುಕಬಹುದು. 1945ರವರೆಗಿನ ಜಪಾನಿ ವಿದೇಶಾಂಗ ಮತ್ತು ಸೇನಾ ಕಾಗದಗಳು ಅಲ್ಲಿ ಚಿತ್ರರೂಪದಲ್ಲಿ ಸಿಗುತ್ತವೆ. ಸುಭಾಷ್‌ಚಂದ್ರ ಬೋಸರ ಬಗ್ಗೆ ವಾಟ್ಸಾಪ್ ಫಾರ್ವರ್ಡ್ ನಂಬುವ ನಮ್ಮ ಗೆಳೆಯರು ಒಮ್ಮೆ ಇಲ್ಲಿ ಇಣುಕಿದರೆ ಒಳ್ಳೆಯದು.

ಆ ಹುಡುಗಿಗೆ ಇಷ್ಟವಾಗಿದ್ದು ಬೇರೆ. ಜಪಾನಿನ ರಾಷ್ಟ್ರೀಯ ಸಂಸತ್ ಗ್ರಂಥಾಲಯದ ಡಿಜಿಟಲ್ ಸಂಗ್ರಹದಲ್ಲಿ 'ಯೋಸಾನ್ ಹಿರೋಕು' ಎಂಬ 1803ರ ಪುಸ್ತಕವಿದೆ, ಹುಳು ಸಾಕುವ ಕೈಪಿಡಿ. ಓದಲು ಬರದಿದ್ದರೂ ಚಿತ್ರ ಅರ್ಥವಾಗುತ್ತದೆ. ಹೆಂಗಸರು ಸೊಪ್ಪು ಹೆಚ್ಚುತ್ತಿದ್ದಾರೆ, ತಟ್ಟೆಗೆ ಹರಡುತ್ತಿದ್ದಾರೆ. "ನಮ್ಮಜ್ಜಿ ಮಾಡ್ತಿದ್ದಿದ್ದೂ ಹಿಂಗೇ" ಎಂದಳು. ಈ ಪುಸ್ತಕ 1848ರಲ್ಲೇ ಫ್ರೆಂಚ್ ಭಾಷೆಗೆ ಹೋಯಿತು. ಕನ್ನಡಕ್ಕೆ ಬಂದದ್ದು ನಾವು ಕಂಡಿಲ್ಲ.

ಅಲ್ಲಿಂದಿಲ್ಲಿಂದ ಜೋಡಿಸಿದ ಉತ್ತರ ಹೀಗೆ. 1930ರ ಆಸುಪಾಸಿನಲ್ಲಿ ಜಪಾನಿನ 20 ಲಕ್ಷಕ್ಕೂ ಹೆಚ್ಚು ರೈತ ಕುಟುಂಬಗಳು ಹುಳು ಸಾಕುತ್ತಿದ್ದವು. ಅವರ ರೇಷ್ಮೆ ಹೆಚ್ಚಾಗಿ ಹೋಗುತ್ತಿದ್ದುದು ಅಮೆರಿಕಕ್ಕೆ, ಹೆಂಗಸರ ಕಾಲುಚೀಲಕ್ಕೆ. 1929ರ ಆರ್ಥಿಕ ಕುಸಿತದಲ್ಲಿ ಬೆಲೆ ಬಿತ್ತು. 1940ರಲ್ಲಿ ನೈಲಾನ್ ಕಾಲುಚೀಲ ಅಂಗಡಿಗೆ ಬಂತು. ಯುದ್ಧದಲ್ಲಿ ಹಿಪ್ಪುನೇರಳೆ ಕಿತ್ತು ಆಹಾರ ಬೆಳೆ ಹಾಕಿದರು. ಯುದ್ಧ ಮುಗಿದ ಮೇಲೆ ಕಿಮೋನೋ ಬೇಡಿಕೆಯಿಂದ ಸ್ವಲ್ಪ ಚೇತರಿಸಿತು. ಆದರೆ ಕಾರ್ಖಾನೆ ಕೂಲಿ ಏರಿತು, ಮಕ್ಕಳು ಪಟ್ಟಣ ಸೇರಿದರು, ಕಿಮೋನೋ ಉಡುವವರು ಕಡಿಮೆಯಾದರು, ಹೊರಗಿನಿಂದ ಅಗ್ಗದ ನೂಲು ಬಂತು. 1872ರಲ್ಲಿ ಸರ್ಕಾರವೇ ಕಟ್ಟಿದ ತೊಮಿಯೋಕಾ ನೂಲು ಗಿರಣಿ 1987ರಲ್ಲಿ ಮುಚ್ಚಿತು, 2014ರಲ್ಲಿ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿ ಸೇರಿತು. ಮೈಸೂರಿಗೆ ಬಂದು ನಮಗೆ ಬಿಳಿ ಗೂಡು ಕಲಿಸಿದ ತಜ್ಞರು, ತಮ್ಮ ಊರಲ್ಲಿ ಆ ಕಸುಬು ಮುಗಿಯುತ್ತಿದ್ದ ಕಾಲದವರು.

ಇದನ್ನು ಓದುವಾಗ ನಮಗೆ 2011 ನೆನಪಾಗದೆ ಇರಲಿಲ್ಲ. ಆ ವರ್ಷದ ಕೇಂದ್ರ ಬಜೆಟ್ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ 30ರಿಂದ ಶೇ 5ಕ್ಕೆ ಇಳಿಸಿತು. ಗೂಡಿನ ಬೆಲೆ ಕುಸಿದು ಕರ್ನಾಟಕದ ಬೆಳೆಗಾರರು ಬೀದಿಗೆ ಬಂದರು. ಹಿಪ್ಪುನೇರಳೆ ಕಿತ್ತವರೂ ಇದ್ದಾರೆ.

ಭಾಷೆಯ ಮಾತಿಗೆ ಬರೋಣ. ಜಪಾನಿ ಕಲಿಯಲು ಜಪಾನ್ ಫೌಂಡೇಶನ್ನಿನ ಮಿನಾತೊ ಆನ್‌ಲೈನ್ ಕೋರ್ಸು, 'ಇರೋದೊರಿ' ಪಠ್ಯಪುಸ್ತಕ ಮತ್ತು ಅದರ ಆಡಿಯೋ ಉಚಿತ. ಎನ್.ಎಚ್.ಕೆ. ವರ್ಲ್ಡ್ ತನ್ನ ಪಾಠಗಳನ್ನು ಹಿಂದಿ, ಬಂಗಾಳಿ, ಉರ್ದುವಿನಲ್ಲೂ ಕೊಟ್ಟಿದೆ. ಕನ್ನಡ ಆ ಸಾಲಿನಲ್ಲಿಲ್ಲ. ಜೆ.ಎಲ್.ಪಿ.ಟಿ. ಪರೀಕ್ಷೆ ಬೆಂಗಳೂರಿನಲ್ಲಿ ನಡೆಯುತ್ತದೆ. ಮಧುಗಿರಿಯಿಂದಲೋ ಪಾವಗಡದಿಂದಲೋ ಬಸ್ ಹತ್ತಿ ಬಂದು ಬರೆಯಬೇಕು. ಕಲಿತರೆ ವಸಂತನರಸಾಪುರದಲ್ಲಿ ಕೆಲಸ ಗ್ಯಾರಂಟಿಯೇ ಎಂದು ಅವಳು ಕೇಳಿದಳು. ಹಾಗೆಂದು ನಾವು ಹೇಳಲಾರೆವು.

ಆದರೆ ಕನ್ನಡದ ಮಕ್ಕಳಿಗೆ ಇಂಗ್ಲಿಷಿನ ಮೂಲಕ ಜಪಾನಿ ಕಲಿಸುವುದು ಮೂಗನ್ನು ಸುತ್ತಿ ಹಿಡಿದಂತೆ. 'ನಾನು ಮಧುಗಿರಿಗೆ ಹೋಗುತ್ತೇನೆ' ಎನ್ನಲು ಅವರು 'ವಾತಾಶಿ ವಾ ಮಧುಗಿರಿ ನಿ ಇಕಿಮಾಸು' ಎನ್ನುತ್ತಾರೆ. ಪದಗಳ ಸಾಲು ನಮ್ಮದೇ, ನಮ್ಮ 'ಗೆ' ಇರುವ ಜಾಗದಲ್ಲೇ ಅವರ 'ನಿ'. ಅಕ್ಷರಮಾಲೆ ಕ, ಸ, ತ, ನ, ಹ, ಮ, ಯ, ರ, ವ ಎಂದು ಸಾಗುತ್ತದೆ. ಬೌದ್ಧ ಭಿಕ್ಷುಗಳ ಜೊತೆ ಹೋದ ಸಂಸ್ಕೃತದ ವರ್ಣಕ್ರಮ ಅದು. ಕಾಗುಣಿತ ಬಲ್ಲ ಎರಡನೇ ತರಗತಿಯ ಮಗು ಈ ಕ್ರಮ ಹಿಡಿಯುತ್ತದೆ.

ನಮ್ಮ ಕಡೆಯ ದಾಖಲೆ ಹುಡುಕುವವರಿಗೂ ಒಂದು ಮಾತು. ಬಿ.ಎಲ್. ರೈಸ್ 1904ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕದ 12ನೇ ಸಂಪುಟ ತುಮಕೂರು ಜಿಲ್ಲೆಯದು. ಶಿರಾ, ಪಾವಗಡ, ಮಧುಗಿರಿಯ ಶಾಸನಗಳು ಅದರಲ್ಲಿವೆ. ಸ್ಕ್ಯಾನ್ ಪ್ರತಿ ಸಿಗುತ್ತದೆ. ಆದರೆ 'ಮಧುಗಿರಿ' ಎಂದು ಹುಡುಕಿದರೆ ಸಿಗದು, ಆಗಿನ ಹೆಸರು ಮದ್ದಗಿರಿ. ಜಪಾನಿನ ತಾಣಗಳಲ್ಲೂ ಇದೇ ಸಮಸ್ಯೆ: ಹಳೆಯ ಹೆಸರು, ಹಳೆಯ ಕಾಗುಣಿತ ಎರಡನ್ನೂ ಹಾಕಿ ನೋಡಬೇಕು. ಫೋನಿನಲ್ಲಿ ಸಾಧ್ಯವಿಲ್ಲದಿದ್ದರೆ ಪಂಚಾಯ್ತಿ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. ಕಂಪ್ಯೂಟರ್ ಇರುವ ಕಡೆ ಕೂತು ನೋಡಬಹುದು. ಬೀಗ ತೆಗೆದಿರುವ ವೇಳೆ ಮೊದಲೇ ಕೇಳಿಕೊಂಡು ಹೋಗಿ.

ಮತ್ತೆ ಕೊರಟಗೆರೆಗೆ ಹೋದಾಗ ಹುಳು ನಾಲ್ಕನೇ ಜ್ವರ ಎದ್ದಿತ್ತು. ಸೊಪ್ಪು ಹಾಕುತ್ತಲೇ ಯಜಮಾನರು ಮಗಳು ಬರೆದದ್ದನ್ನು ಕೇಳಿಸಿಕೊಂಡರು. ಕಾಲುಚೀಲದ ಮಾತಿಗೆ ನಕ್ಕರು. ಸುಂಕದ ಮಾತು ಬಂದಾಗ ತಲೆಯಾಡಿಸಿದರು. "ಅವರ ಹಿಪ್ಪುನೇರಳೆ ತೋಟ ಎಲ್ಲ ಏನಾಯ್ತು ಹಂಗಾದ್ರೆ?" ಎಂದರು.

ಅದನ್ನೂ ಹುಡುಕಿದೆವು. ಜಪಾನಿನ ಸರ್ಕಾರಿ ನಕ್ಷೆಗಳಲ್ಲಿ ಗದ್ದೆಗೊಂದು, ಹಣ್ಣಿನ ತೋಟಕ್ಕೊಂದು ಇರುವ ಹಾಗೆ ಹಿಪ್ಪುನೇರಳೆ ತೋಟಕ್ಕೂ ಒಂದು ಗುರುತು ಇತ್ತು. ತೋಟಗಳೇ ಉಳಿಯದ ಕಾರಣ 2013ರ ಹೊಸ ನಕ್ಷಾ ನಿಯಮದಲ್ಲಿ ಆ ಗುರುತನ್ನು ತೆಗೆದುಹಾಕಿದರು. ಅವಳು ಹಳೆಯ ನಕ್ಷೆಯಲ್ಲಿ ಆ ಚಿಹ್ನೆಯನ್ನು ದೊಡ್ಡದು ಮಾಡಿ ಅಪ್ಪನಿಗೆ ತೋರಿಸಿದಳು. ಅವರು ಕೈ ಒರೆಸಿಕೊಂಡು ಫೋನ್ ಇಸಿದುಕೊಂಡರು.